ನನ್ನ ಶ್ರೋತೃಗಳನ್ನು ಕೂಡಿಸಿದ ಕಂಬದ ಪೆಟ್ಟಿಗೆಗೆ

ಗೆ,
ಸಂತೆಚೌಕದ ದೀಪದ ಕಂಬದ ಮೇಲೆ ವಿರಾಜಮಾನರಾಗಿರುವ ಬೂದುಬಣ್ಣದ ಪೆಟ್ಟಿಗೆಯವರಿಗೆ,
ಗಂಟೆಗೋಪುರದ ಬುಡ, ಔಡೆಮೇರ್ ಪಟ್ಟಣ, ನೆದರ್‌ಲ್ಯಾಂಡ್ಸ್.

ಮಾನ್ಯರೇ,

ತಮ್ಮ ಪುಟ್ಟ ಹಸಿರು ದೀಪ ಎಂದಿನಂತೆ ಮಿನುಗುತ್ತಿದೆಯೆಂದೂ, ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ತಮಗೆ ನೆಗಡಿಯಾಗಿಲ್ಲವೆಂದೂ, ಕಡಲಹಕ್ಕಿಗಳು ತಮ್ಮ ನೆತ್ತಿಯ ಮೇಲೆ ಸಲ್ಲಿಸುವ ಗೌರವವನ್ನು ಇತ್ತೀಚೆಗೆ ತುಸು ಕಡಿಮೆ ಮಾಡಿವೆಯೆಂದೂ ನಂಬಿ, ತಮಗಿಂತ ಬಹಳ ಎತ್ತರದಲ್ಲಿ ಕೂತು ತಮಗಿಂತ ಬಹಳ ಸಣ್ಣವನಾಗಿಬಿಟ್ಟಿರುವ ನಾನು ಈ ಪತ್ರ ಬರೆಯುತ್ತಿದ್ದೇನೆ. ಕಂಬಕ್ಕೆ ಅಂಚೆಯವರು ಪತ್ರ ತಲುಪಿಸುವುದಿಲ್ಲವಾದ್ದರಿಂದ ಇದನ್ನು ಬಹಿರಂಗವಾಗಿಯೇ ಪ್ರಕಟಿಸಬೇಕಾಯಿತು. ತಮ್ಮ ಕೆಳಗೆ ನಿಂತವರಲ್ಲಿ ಯಾರಾದರೊಬ್ಬರು ಇದನ್ನು ಫೋನಿನಲ್ಲಿ ತೆರೆದರೆ ಅದು ಹೇಗೂ ತಮ್ಮ ಹೊಟ್ಟೆಯ ಮೂಲಕವೇ ಹಾದುಹೋಗಬೇಕು, ಆಗ ತಾವೂ ಒಮ್ಮೆ ಕಣ್ಣಾಡಿಸಬಹುದೆಂಬ ಭರವಸೆ ನನಗಿದೆ.

ನನ್ನ ಹೆಸರು ವೀಬೆ ತೇರ್ ಹೋರ್ಸ್ಟ್. ಪ್ರತಿ ಶನಿವಾರ, ಸಂತೆಯ ದಿನ, ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ತಮ್ಮ ತಲೆಯ ಮೇಲೆ ಕೇಳಿಬರುವ ಗದ್ದಲಕ್ಕೆ ಕಾರಣನಾದವನು ನಾನೇ. ನಾನು ನಗರಸಭೆಯ ಗಂಟೆವಾದಕ. ಸುತ್ತುಮೆಟ್ಟಿಲು ಹತ್ತಿ, ಗೋಪುರದ ನೆತ್ತಿಯಲ್ಲಿರುವ ಮರದ ಗೂಡಿನೊಳಗೆ ಕೂತು, ಸಾಲಾಗಿ ಜೋಡಿಸಿದ ಮರದ ಹಿಡಿಗಳನ್ನು ಮುಷ್ಟಿಯಿಂದ ಗುದ್ದಿ, ಕೆಳಗಿನವನ್ನು ಕಾಲಿನಿಂದ ತುಳಿದು, ತಂತಿಗಳ ಆ ಕೊನೆಗೆ ತೂಗುವ ಗಂಟೆಗಳಿಂದ ಸಂಗೀತ ಹೊರಡಿಸುವುದು ನನ್ನ ಕಸುಬು. ನೋಡಿದವರು ಇದನ್ನು ಸಂಗೀತವೆನ್ನದೆ ಹೊಡೆದಾಟವೆಂದುಕೊಂಡಾರು, ಆದರೆ ನೋಡಿದವರೇ ಇಲ್ಲ. ಪಿಟೀಲಿನವನಿಗೆ ಚಪ್ಪಾಳೆಯುಂಟು, ಚರ್ಚಿನ ಆರ್ಗನ್ ನುಡಿಸುವವನಿಗೆ ಪಾದ್ರಿಗಳ ಒಂದು ತಲೆಯಾಡಿಸುವಿಕೆಯಾದರೂ ಉಂಟು. ಗಂಟೆವಾದಕ ಮಾತ್ರ ಊರಿಗೆಲ್ಲ ಕೇಳುವಷ್ಟು ಜೋರಾಗಿ ನುಡಿಸಿ, ಯಾರ ಕಣ್ಣಿಗೂ ಬೀಳದೆ, ಬೆವರು ಒರೆಸಿಕೊಂಡು, ಹಿಂಬಾಗಿಲಿನಿಂದ ಮನೆಗೆ ಹೋಗುವವನು. ಇಷ್ಟು ವರ್ಷಗಳಲ್ಲಿ ನನಗೆ ಬಂದಿರುವ ಏಕೈಕ ಅಭಿಮಾನಿ ಪತ್ರದಲ್ಲಿ, ನಮ್ಮ ನಾಯಿ ತಮ್ಮ ಗಂಟೆಗೆ ಊಳಿಡುತ್ತದೆ, ದಯವಿಟ್ಟು ನಿಲ್ಲಿಸಿ ಎಂದಿತ್ತು. ನಾಯಿಗಾದರೂ ಕಿವಿಯಿದೆಯಲ್ಲ ಎಂದು ನಾನು ಅದನ್ನು ಚೌಕಟ್ಟು ಹಾಕಿಸಿಟ್ಟುಕೊಂಡಿದ್ದೇನೆ.

ಕಳೆದ ಚಳಿಗಾಲದಲ್ಲಿ ನಗರಸಭೆಯ ಸಂಸ್ಕೃತಿ ವಿಭಾಗದ ಮುಖ್ಯಸ್ಥೆ ಶ್ರೀಮತಿ ಓಲ್ಡೆನ್‌ಕಾಂಪ್ ಅವರು ನನ್ನನ್ನು ಕರೆಸಿ, ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು ಕೊಟ್ಟು, ಬಹಳ ಮೃದುವಾಗಿ ಹೇಳಿದರು: “ವೀಬೆಯವರೇ, ನೀವು ಚೆನ್ನಾಗಿ ನುಡಿಸ್ತೀರಿ ಅಂತ ಎಲ್ರೂ ಹೇಳ್ತಾರೆ. ಆದ್ರೆ ನಾನು ಕೇಳಿದೀನಿ ಅಂತ ಹೇಳೋರು ಒಬ್ರೂ ಸಿಗ್ತಿಲ್ಲ ನೋಡಿ.” ಕಾಲು ಗಂಟೆಗೊಮ್ಮೆ ಗಂಟೆ ಬಾರಿಸುವ ಯಂತ್ರ ಗೋಪುರದಲ್ಲಿ ಮೊದಲಿನಿಂದಲೂ ಇದೆ, ಶನಿವಾರವೂ ಅದೇ ಬಾರಿಸಲಿ ಎಂಬುದು ನಗರಸಭೆಯ ಅಭಿಪ್ರಾಯವಂತೆ. ಸೆಪ್ಟೆಂಬರಿನಲ್ಲಿ ತಾವೇ ಸಂತೆಗೆ ಬಂದು ನೋಡುವುದಾಗಿಯೂ, ಅಲ್ಲಿಯವರೆಗೆ ಕೇಳುವವರು ಯಾರಾದರೂ ಹುಟ್ಟಿಕೊಂಡರೆ ನನ್ನ ಹುದ್ದೆ ಉಳಿಯುವುದಾಗಿಯೂ ಹೇಳಿ ಅವರು ನನ್ನನ್ನು ಬೀಳ್ಕೊಟ್ಟರು. ಗೋಪುರ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ, ಮಾನ್ಯರೇ. ಮುಷ್ಟಿಯಿಂದ ಗುದ್ದುವುದನ್ನು ಕಲಿತವನಿಗೆ ಎಲ್ಲಿ ಕೆಲಸ ಸಿಗುತ್ತದೆ ಎಂದು ಯೋಚಿಸಿ ಯೋಚಿಸಿ ಆ ಚಳಿಗಾಲವನ್ನು ಕಳೆದೆ.

ಈಸ್ಟರ್ ಹಬ್ಬ ಮುಗಿದ ಮೇಲಿನ ಶನಿವಾರ, ಎರಡು ಹಾಡುಗಳ ನಡುವೆ ಗೂಡಿನ ಕಿಂಡಿಯಿಂದ ಕೆಳಗೆ ಬಗ್ಗಿ ನೋಡಿದಾಗ, ಯಾವಾಗಲೂ ಸೈಕಲ್ಲುಗಳು ಮಾತ್ರ ಒರಗಿರುತ್ತಿದ್ದ ಗೋಪುರದ ಮೂಲೆಯಲ್ಲಿ ಒಂದು ಗುಂಪು ನಿಂತಿತ್ತು. ಮಾತಿಲ್ಲ, ಓಡಾಟವಿಲ್ಲ, ಎಲ್ಲರ ತಲೆಯೂ ತಗ್ಗಿತ್ತು. ಮುಂದಿನ ವಾರ ಗುಂಪು ದೊಡ್ಡದಾಯಿತು. ಅದರ ಮುಂದಿನ ವಾರ ಮಳೆ ಬಂತು. ಛತ್ರಿ ಬಿಚ್ಚಿಕೊಂಡು ನಿಂತರೇ ಹೊರತು ಒಬ್ಬರೂ ಕದಲಲಿಲ್ಲ. ಅಷ್ಟು ಎತ್ತರದಿಂದ ನೋಡಿದರೆ ಮನುಷ್ಯ ಎಂದರೆ ಒಂದು ತಲೆ, ಎರಡು ಭುಜ ಅಷ್ಟೇ. ಕೈಯಲ್ಲಿ ಏನಿದೆ ಎಂಬುದು ಕಾಣುವುದಿಲ್ಲ. ಕಾಣದ್ದನ್ನು ನನ್ನ ಜಂಬ ತುಂಬಿಕೊಟ್ಟಿತು.

ತಮ್ಮೆದುರು ಮುಚ್ಚುಮರೆ ಏಕೆ? ನಾನು ಹುಚ್ಚೆದ್ದುಹೋದೆ. ತುಳಿಯುವುದಕ್ಕೆಂದೇ ಹೊಲಿಸುವ ತೆಳು ಅಟ್ಟೆಯ ಹೊಸ ಬೂಟು ತಂದೆ. ಊರಿನ ವಾರಪತ್ರಿಕೆಗೆ ಸಂದರ್ಶನ ಕೊಟ್ಟು, ನಮ್ಮೂರಿನವರಿಗೆ ಕೊನೆಗೂ ಕಿವಿ ಬಂತು ಎಂದು ಘೋಷಿಸಿದೆ. ಗೂಡಿನ ಕಿಂಡಿಯಿಂದಲೇ ಗುಂಪಿನ ಫೋಟೋ ತೆಗೆದು ಶ್ರೀಮತಿ ಓಲ್ಡೆನ್‌ಕಾಂಪ್ ಅವರಿಗೆ ಕಳಿಸಿದಾಗ, ಅವರು ತಾವಾಗಿಯೇ ಫೋನು ಮಾಡಿ, “ಇಷ್ಟೊಂದು ಜನ ಹೀಗೆ ತಲೆ ಬಗ್ಗಿಸ್ಕೊಂಡು ನಿಂತಿರೋದನ್ನ ನಾನು ಚರ್ಚಿನಲ್ಲೂ ನೋಡಿಲ್ಲ ಕಣ್ರೀ” ಎಂದರು. ಆ ರಾತ್ರಿಯೇ ಕೂತು ಒಂದು ಹೊಸ ಕೃತಿ ರಚಿಸಿದೆ. ಅತ್ಯಂತ ವಿಳಂಬಗತಿಯ, ಅತ್ಯಂತ ಗಂಭೀರವಾದ, ಮುಗಿಯಿತೆಂದುಕೊಂಡಾಗ ಮತ್ತೆ ಶುರುವಾಗುವ ಕೃತಿ. ಅದಕ್ಕೆ ‘ತಗ್ಗಿದ ತಲೆಗಳಿಗಾಗಿ’ ಎಂದು ಹೆಸರಿಟ್ಟೆ. ಈಗ ಆ ಹೆಸರನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತದೆ.

ಕಲಾವಿದ ಅಭಿಮಾನಿಗಳ ನಡುವೆ ಸಿಕ್ಕಿಬೀಳಬಾರದೆಂಬ ವಿನಯದಿಂದ ನಾನು ಹಿಂಬಾಗಿಲಿನಿಂದಲೇ ಇಳಿದು ಹೋಗುತ್ತಿದ್ದೆ. ಜೂನ್ ತಿಂಗಳ ಒಂದು ಶನಿವಾರ ವಿನಯವನ್ನು ತಡೆದುಕೊಳ್ಳಲಾಗದೆ ಮುಂಬಾಗಿಲಿನಿಂದ ಹೊರಬಂದು, ಹೊಸ ಬೂಟಿನಲ್ಲೇ ಗುಂಪಿನ ಮುಂದೆ ನಿಂತು, ಎದೆಯ ಮೇಲೆ ಕೈಯಿಟ್ಟು, ಆಳವಾಗಿ ಬಾಗಿ ನಮಸ್ಕರಿಸಿದೆ. ಎದುರಿಗಿದ್ದವರು ಕಿವಿಯಿಂದ ಇಯರ್‌ಫೋನಿನ ಒಂದು ಗುಂಡಿಯನ್ನು ಕಿತ್ತು, “ಏನಾದ್ರೂ ಅಂದ್ರಾ?” ಎಂದರು. “ಧನ್ಯವಾದ ಅಂದೆ” ಎಂದೆ. “ಯಾತಕ್ಕೆ?” ಎಂದರು. ಅವರ ಹಿಂದಿನಿಂದ ಒಬ್ಬ ಹೆಂಗಸು, “ಸ್ವಲ್ಪ ಪಕ್ಕಕ್ಕೆ ನಿಲ್ತೀರಾ ಸ್ವಾಮಿ, ಕಂಬಕ್ಕೆ ಅಡ್ಡ ಬರ್ತಿದೀರಿ” ಎಂದರು.

ಗೋಪುರದ ಹಿಂಬದಿಯಲ್ಲಿ ಕರಿದ ಮೀನು ಮಾರುವ ಫೆಮ್ಮಿ, ನನಗಿಂತ ತುಸು ಹಿರಿಯಳು, ನನ್ನನ್ನು ಯಾವತ್ತೂ ಬಹುವಚನದಲ್ಲಿ ಮಾತಾಡಿಸದವಳು, ನನ್ನ ಮುಖ ನೋಡಿದ್ದೇ ಬಾಣಲಿ ಬಿಟ್ಟು ನಕ್ಕಳು. “ಅಯ್ಯೋ ಪೆದ್ದಪ್ಪಾ, ನಿನಗೆ ಗೊತ್ತೇ ಇಲ್ವಾ? ಆ ಕಂಬ ನೋಡು. ಹಬ್ಬಕ್ಕೆ ಮುಂಚೆ ಬಂದು ಪೆಟ್ಟಿಗೆ ಕಟ್ಟಿ ಹೋದ್ರು. ಚೌಕದಲ್ಲೆಲ್ಲ ಫೋನು ಸುತ್ತಿ ಸುತ್ತಿ ಸಾಯ್ತಿರುತ್ತೆ, ಅದರ ಕೆಳಗೆ ಮಾತ್ರ ಓಡುತ್ತೆ. ಅದಕ್ಕೇ ಎಲ್ಲ ಅಲ್ಲಿ ನಿಂತು ಉಜ್ತಾ ಇರ್ತಾರೆ. ಅರ್ಧ ಜನ ನಿನ್ನ ಗಂಟೆ ಕೇಳಬಾರದು ಅಂತ ಕಿವಿಗೆ ಬೇರೆ ತುರುಕ್ಕೊಂಡಿರ್ತಾರೆ. ನೀನು ಪತ್ರಿಕೇಲಿ ಏನೇನೋ ಹೇಳ್ದಾಗ, ಪಾಪ ಖುಷಿಯಾಗಿದಾನಲ್ಲ ಅಂತ ನಾವೆಲ್ಲ ಸುಮ್ನಿದ್ವಿ ಕಣೋ.”

ಊರಿಗೂರೇ ಸುಮ್ಮನಿತ್ತು, ಮಾನ್ಯರೇ. ಅಂಥ ಕರುಣೆಯ ಊರಿನಲ್ಲಿ ನಾನು ಬದುಕಿದ್ದೇನೆ.

ಅಂದಿನಿಂದ ತಮ್ಮ ಕುರಿತು ಸಿಕ್ಕಿದ್ದನ್ನೆಲ್ಲ ಓದಿ ತಿಳಿದುಕೊಂಡೆ, ಹೊಟ್ಟೆಕಿಚ್ಚಿನಿಂದ ಓದಿದ್ದು ಬೇಗ ತಲೆಗೆ ಹತ್ತುತ್ತದೆ. ಊರಾಚೆ ನೀರಿನ ಟ್ಯಾಂಕಿನ ಮೇಲಿರುವ ದೊಡ್ಡ ಟವರು ವಾರವಿಡೀ ನಮ್ಮನ್ನೆಲ್ಲ ಸಲಹುತ್ತದೆ. ಶನಿವಾರ ಮಾತ್ರ, ಸುತ್ತಲ ಹಳ್ಳಿಗಳವರೂ ಪ್ರವಾಸಿಗರೂ ಒಟ್ಟಿಗೆ ಚೌಕಕ್ಕೆ ನುಗ್ಗಿ, ಒಬ್ಬರು ಚೀಸಿನ ಫೋಟೋ ಕಳಿಸುತ್ತ, ಇನ್ನೊಬ್ಬರು ಮಗುವಿಗೆ ಸಿನಿಮಾ ತೋರಿಸುತ್ತ, ಅಂಗಡಿಗಳ ಕಾರ್ಡ್ ಯಂತ್ರಗಳೆಲ್ಲ ಅದನ್ನೇ ಜಗ್ಗುತ್ತ ಇರುವಾಗ, ಪಾಪದ ಅದು ಉಸಿರುಗಟ್ಟಿ ನಿಂತುಬಿಡುತ್ತದೆ. ಆಗ ತಾವು, ಒಂದು ಬ್ರೆಡ್ಡಿನ ಡಬ್ಬಿಯಷ್ಟಿರುವ ತಾವು, ತಮ್ಮ ಹತ್ತಿರದವರ ಭಾರವನ್ನು ಅದರ ಹೆಗಲಿಂದ ಇಳಿಸಿಕೊಂಡು, ನೆಲದಡಿಯ ತಂತಿಗೆ ದಾಟಿಸಿ, ಅದಕ್ಕೂ ಉಸಿರಾಡಲು ಬಿಡುತ್ತೀರಿ. ಸ್ಮಾಲ್ ಸೆಲ್ ಎಂದು ತಮ್ಮ ಹೆಸರಂತೆ. ತಮ್ಮ ಮೈಯಿಂದ ಒಂದು ಸ್ವರ ಹೊರಡುವುದಿಲ್ಲ, ತಮಗೆ ವಿಶೇಷ ಬೂಟು ಬೇಡ, ಸಂದರ್ಶನ ಬೇಡ; ಆದರೂ ನಾನು ಜೀವಮಾನವಿಡೀ ಟನ್ನುಗಟ್ಟಲೆ ಕಂಚನ್ನು ಬಡಿದು ಕೂಡಿಸಲಾಗದ ಸಭೆಯನ್ನು ತಾವು ಸುಮ್ಮನೆ ಮಿನುಗಿ ಕೂಡಿಸಿದಿರಿ. ಎತ್ತರದಲ್ಲಿ ಕೂತು ಊರಿಗೆಲ್ಲ ಒಟ್ಟಿಗೆ ಕೂಗುವವರ ಕಾಲ ಮುಗಿಯಿತು, ಹತ್ತಿರ ನಿಂತು ಒಬ್ಬೊಬ್ಬರಿಗೇ ಬೇಕಾದದ್ದು ಕೊಡುವವರ ಕಾಲ ಬಂತು ಎಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಮುನಿಸಿಕೊಂಡೆ.

ಮುಂದಿನ ಶನಿವಾರ ಗೋಪುರ ಹತ್ತಿದೆ, ಆದರೆ ನುಡಿಸಲಿಲ್ಲ. ಕೈಕಟ್ಟಿ ಕಿಂಡಿಯ ಬಳಿ ಕೂತೆ. ಹನ್ನೊಂದು ದಾಟಿತು. ಆಗ, ತಾವೂ ನೋಡಿದ್ದೀರಿ, ಗುಂಪಿನಲ್ಲಿ ಒಂದು ತಲೆ ಮೇಲೆದ್ದಿತು, ಇನ್ನೊಂದು ಎದ್ದಿತು, ಆಮೇಲೆ ಹಣ್ಣಿನವನು, ಚೀಸಿನವಳು, ಚೌಕದ ಎಲ್ಲರೂ ಗೋಪುರದತ್ತ ನೋಡಿದರು. ನಾನು ಬಾಗಿ ನಮಸ್ಕರಿಸಲು ಅರ್ಧ ಎದ್ದೆ. ಅಷ್ಟರಲ್ಲಿ ಅವರೆಲ್ಲ ತಂತಮ್ಮ ಕೈಗಡಿಯಾರ ನೋಡಿಕೊಂಡರು, ಗೋಪುರದ ಗಡಿಯಾರ ನೋಡಿದರು, ಮತ್ತೆ ಕೈಗಡಿಯಾರ ನೋಡಿಕೊಂಡರು. ಅದೇ ವೇಳೆಗೆ, ಹಿಂದೆಂದೂ ಶನಿವಾರ ಗೂಡಿನಲ್ಲಿ ಉಸಿರೆತ್ತದ ನನ್ನ ಫೋನು, ತಮ್ಮ ಕೃಪೆಯಿಂದ, ಗಂಟೆಯಷ್ಟು ಸ್ಪಷ್ಟವಾಗಿ ಬಾರಿಸಿತು.

ಅದು ಫೆಮ್ಮಿ. ತಾನು ಕೂತ ಕಡೆ ಸಿಗ್ನಲ್ ಸಿಗದ ಫೋನನ್ನು ಹಿಡಿದುಕೊಂಡು ತಮ್ಮ ಬುಡಕ್ಕೇ ಓಡಿ ಬಂದಿದ್ದಳು. “ಬದುಕಿದೀಯೇನೋ? ಏನು ಮಾಡ್ತಿದೀಯ ಮೇಲೆ ಕೂತ್ಕೊಂಡು? ನಿನ್ನ ಹಾಡು ಶುರುವಾದಾಗ ಎಣ್ಣೆಗೆ ಮೀನು ಬಿಡ್ತೀನಿ, ಮುಗಿದಾಗ ತೆಗೀತೀನಿ. ಇವತ್ತು ಕಾಯ್ತಾ ಕಾಯ್ತಾ ಮೊದಲನೇ ಬಾಣಲಿ ಹಸಿಹಸಿ, ಎರಡನೇದು ಕರಿ. ಚೀಸಿನವಳು ಊಟಕ್ಕೆ ಎದ್ದಿಲ್ಲ, ಹೂವಿನವನು ಗಾಡಿ ತುಂಬಿಲ್ಲ. ಬಾರಿಸೋ ಮಾರಾಯ! ಆ ಹೊಸ ಅಳುಮೋರೆ ಹಾಡು ಮಾತ್ರ ಬೇಡ, ಅದು ಮುಗಿಯೋಷ್ಟರಲ್ಲಿ ಮೀನು ಇದ್ದಿಲಾಗಿರುತ್ತೆ.”

ನಾನು ಬಾರಿಸಿದೆ. ನನ್ನ ಸಂಗೀತವನ್ನು ಊರಿನಲ್ಲಿ ಯಾರೂ ಕೇಳುತ್ತಿಲ್ಲವೆಂದು ದುಃಖಿಸುತ್ತಿದ್ದವನಿಗೆ, ಎಲ್ಲರೂ ಕೇಳುತ್ತಿದ್ದಾರೆ ಮತ್ತು ಅದರಲ್ಲಿ ಮೀನು ಕರಿಯುತ್ತಿದ್ದಾರೆ ಎಂದು ತಿಳಿದರೆ ಅಳಬೇಕೋ ನಗಬೇಕೋ ತಾವೇ ಹೇಳಿ. ನಾನು ಎರಡನ್ನೂ ಮಾಡಿದೆ. ತಾಳ ತಪ್ಪಿತು.

ಇನ್ನು ನನ್ನ ನಿಜವಾದ ದೂರಿಗೆ ಬರುತ್ತೇನೆ. ತಮ್ಮ ಒಂಟಿ ಸೇವೆಯಿಂದ ಪ್ರಸನ್ನರಾದ ಫೋನ್ ಕಂಪನಿಯವರು ಚೌಕದ ಎಲ್ಲ ಕಂಬಗಳಿಗೂ ತಮ್ಮ ತಮ್ಮಂದಿರನ್ನು ಕಟ್ಟಲು ನಿರ್ಧರಿಸಿದರು. ಮೀನಿನ ಅಂಗಡಿಯ ಕಡೆ ಕಂಬವಿಲ್ಲ. ಗೋಪುರದ ದಪ್ಪ ಗೋಡೆ ದಾಟಿ ತಮ್ಮ ಕೃಪೆಯೂ ಅತ್ತ ತಲುಪುವುದಿಲ್ಲ. ಆದ್ದರಿಂದ ಒಂದು ಪೆಟ್ಟಿಗೆಯನ್ನು ಗೋಪುರದ ಮೊದಲ ಅಂತಸ್ತಿನ ಅಂಚಿನಲ್ಲೇ ಕೂರಿಸಬೇಕು, ಅದೊಂದು ಆಗುವವರೆಗೆ ಉಳಿದವನ್ನೂ ಚಾಲೂ ಮಾಡುವುದಿಲ್ಲ ಎಂದರು. ಗೋಪುರದ ಬೀಗದ ಕೈ ಇರುವುದು ನನ್ನ ಬಳಿ. ಚೌಕದ ತುಂಬ ಫೋನು ಓಡತೊಡಗಿದರೆ ನನ್ನ ಮೂಲೆಯಲ್ಲಿ ಯಾರು ನಿಲ್ಲುತ್ತಾರೆ? ಶ್ರೀಮತಿ ಓಲ್ಡೆನ್‌ಕಾಂಪ್ ಅವರು ಬರುವುದಕ್ಕೆ ಕೆಲವೇ ವಾರಗಳಿದ್ದವು. ಸುಳ್ಳು ಸಭೆಯಾದರೂ ಸಭೆಯೇ, ಅದು ನನ್ನ ಅನ್ನ. ಹಾಗಾಗಿ ಕಂಪನಿಯವರು ಬಂದಾಗ ಮುಖ ಗಂಭೀರ ಮಾಡಿಕೊಂಡು, ಅಂಚಿನಲ್ಲಿ ಕಾಗೆ ಮೊಟ್ಟೆಯಿಟ್ಟು ಕಾವಿಗೆ ಕೂತಿದೆ, ಈಗ ಬಾಗಿಲು ತೆರೆಯುವುದು ಪಾಪ ಎಂದುಬಿಟ್ಟೆ. ಅವರು ಹಕ್ಕಿಗಳ ಮೇಲಿನ ಗೌರವದಿಂದ ಟೋಪಿ ತೆಗೆದು ಹೊರಟುಹೋದರು.

ಸುದ್ದಿ ಫೆಮ್ಮಿಗೆ ಮುಟ್ಟಲು ಎಷ್ಟು ಹೊತ್ತು? “ಆಗಸ್ಟ್ ತಿಂಗಳಲ್ಲಿ ಯಾವ ಕಾಗೆ ಮೊಟ್ಟೆ ಇಡುತ್ತೋ ವೀಬೆ?” ಎಂದು ಕೇಳಿದಳು. ಕೇಳುವಾಗ ಅವಳು ನಗಲಿಲ್ಲ, ಅದೇ ನನಗೆ ಕಷ್ಟವಾಯಿತು. ತನ್ನ ಕಾರ್ಡ್ ಯಂತ್ರವನ್ನು ನನ್ನ ಮುಂದಿಟ್ಟಳು. ಅದು ಸುತ್ತಿತು, ಸುತ್ತಿತು, ಆಗಲಿಲ್ಲ ಎಂದಿತು. “ಹೀಗೆ ಎರಡು ಸಲ ಆದ್ರೆ ಜನ ಮೀನು ಇಲ್ಲೇ ಬಿಟ್ಟು ಹೋಗ್ತಾರೆ. ಯಾರ ಜೇಬಲ್ಲೂ ಈಗ ಚಿಲ್ಲರೆ ಇರಲ್ಲ. ನಿನ್ನ ಸಭೆ ಬೇರೆ ದಾರಿಗೆ ಅಡ್ಡ ನಿಂತಿರುತ್ತೆ, ಈ ಕಡೆ ಬರೋರೇ ಕಮ್ಮಿ. ನಿನ್ನ ಕೆಲಸ ಹೋಗುತ್ತೆ ಅಂತ ನಿನಗೆ ಹೆದರಿಕೆ. ನಂದು ಹೋಗ್ತಾ ಇದೆ ಕಣೋ.” ಅವಳು ಅದನ್ನು ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಾಗಬಹುದಿತ್ತು. ಸೋಮವಾರ ನಾನೇ ಬೀಗದ ಕೈ ಒಯ್ದು ಕೊಟ್ಟೆ, ಏಣಿಯನ್ನೂ ಹಿಡಿದೆ, ಕಾಗೆಮರಿಗಳು ಹಾರಿಹೋದವೇ ಎಂದು ಕೇಳಿದವರಿಗೆ ಹೌದು, ಎಲ್ಲ ಸುಖವಾಗಿ ಹಾರಿಹೋದವು ಎಂದೆ.

ಶ್ರೀಮತಿ ಓಲ್ಡೆನ್‌ಕಾಂಪ್ ಅವರು ಬಂದ ಶನಿವಾರ ಎಲ್ಲ ಪೆಟ್ಟಿಗೆಗಳೂ ಚಾಲೂ ಆಗಿದ್ದವು. ಜನ ಚೌಕದ ತುಂಬ ಚೆದುರಿ, ಕಿತ್ತಳೆ ಆರಿಸುತ್ತ, ಬೆಂಚಿನ ಮೇಲೆ ಕಾಲು ಚಾಚಿ, ಎಲ್ಲೆಂದರಲ್ಲಿ ತಮ್ಮ ಪಾಡಿಗೆ ತಾವು ಉಜ್ಜುತ್ತಿದ್ದರು. ತಮ್ಮ ಬುಡದಲ್ಲಿ ಒಂದು ಸೈಕಲ್ಲು, ಒಂದು ಪಾರಿವಾಳ ಮತ್ತು ಶ್ರೀಮತಿ ಓಲ್ಡೆನ್‌ಕಾಂಪ್ ಮಾತ್ರ ಇದ್ದರು. ಅವರ ತಲೆ ತಗ್ಗಿತ್ತು. ನಾನು ಮೊದಲಿನಷ್ಟು ಸುಲಭವಾಗಿ ಮೋಸಹೋಗಲಿಲ್ಲ. ಇದು ಕೊನೆಯ ಸಲ ಎಂದುಕೊಂಡು, ಯಾರಿಗಾಗಿಯೂ ಅಲ್ಲದೆ, ಚೆನ್ನಾಗಿ ನುಡಿಸಿದೆ.

ಆಮೇಲೆ ನಡೆದದ್ದನ್ನು ಫೆಮ್ಮಿ ಎರಡೂ ದನಿಗಳಲ್ಲಿ ಅಭಿನಯಿಸಿ ತೋರಿಸಿದ್ದರಿಂದ ಯಥಾವತ್ತಾಗಿ ಬರೆಯಬಲ್ಲೆ. ಹಸಿದ ಮುಖ್ಯಸ್ಥೆಯವರು ಮೀನು ಕೇಳಿದರು. ಇವಳು, “ತಡೀರಮ್ಮಾ, ಹಾಡು ಮುಗೀಲಿ” ಎಂದಳು. “ಯಾವ ಹಾಡು?” ಎಂದರು. “ಮೇಲೆ ಬಾರಿಸ್ತಿದಾನಲ್ಲ, ಅದು. ಇನ್ನೊಂದು ಚರಣ ಇದೆ.” ಬೇರೆ ಕೆಲಸವಿಲ್ಲದ್ದರಿಂದ ಅವರು ನಿಂತು ಆ ಚರಣ ಕೇಳಿದರು. ಕೇಳಿ, “ಅದೇ ಹಾಡನ್ನ ಯಂತ್ರ ಬಾರಿಸಿದ್ರೂ ಆಗುತ್ತಲ್ವಾ?” ಎಂದು ಕೇಳಿದರು. “ಹೇಗಾಗುತ್ತೆ? ಯಂತ್ರಕ್ಕೆ ಬೇಸಿಗೆನೂ ಒಂದೇ, ಚಳಿನೂ ಒಂದೇ. ಇವನಿಗೆ ಚಳೀಲಿ ಕೈ ಮರಗಟ್ಟಿ ನಿಧಾನ ಬಾರಿಸ್ತಾನೆ. ನನ್ನ ಎಣ್ಣೆನೂ ಚಳೀಲಿ ನಿಧಾನ ಕಾಯುತ್ತೆ. ನಮ್ಮಿಬ್ಬರಿಗೂ ಸರಿಹೋಗುತ್ತೆ.” ಮುಖ್ಯಸ್ಥೆಯವರು ಬಿಸಿ ಮೀನು ತಿಂದರಂತೆ, ಇನ್ನೊಂದು ಪೊಟ್ಟಣ ಕೇಳಿದರಂತೆ, ಅದಕ್ಕಾಗಿ ಇನ್ನೊಂದು ಹಾಡು ಪೂರ್ತಿ ಕೇಳಿದರಂತೆ.

ನಗರಸಭೆಯ ತೀರ್ಮಾನ ಮೊನ್ನೆ ಬಂತು. ನನ್ನ ಹುದ್ದೆ ಉಳಿದಿದೆ. ಆದರೆ ಸಂಸ್ಕೃತಿ ವಿಭಾಗದಿಂದ ಸಂತೆ ಮತ್ತು ಚರಂಡಿ ವಿಭಾಗಕ್ಕೆ ವರ್ಗವಾಗಿದೆ. ಅಲ್ಲಿ ತಕ್ಕಡಿ ಪರೀಕ್ಷೆಯ ಕೆಳಗೆ, ನಲ್ಲಿ ರಿಪೇರಿಯ ಮೇಲೆ ನನ್ನ ಗಂಟೆಗಳಿವೆ. ಜಂಬವನ್ನು ಬದಿಗಿಟ್ಟು ಹೇಳುತ್ತೇನೆ, ಅದನ್ನು ಓದಿ ನಾನು ಗೋಪುರದ ಮೆಟ್ಟಿಲ ಮೇಲೆ ಕೂತು ಸಂತೋಷದಿಂದ ಅತ್ತುಬಿಟ್ಟೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಅತಿ ಕಡಿಮೆ. ನಾನು ನುಡಿಸುವಾಗ ತಾವು ತಾಳಕ್ಕೆ ಸರಿಯಾಗಿ ಮಿನುಗಬೇಕು. ನಾನು ಸ್ವರ ತಪ್ಪಿದ ಕ್ಷಣದಲ್ಲಿ ಚೌಕದ ಎಲ್ಲರಿಗೂ ಒಂದು ತಮಾಷೆಯ ವಿಡಿಯೊ ತಲುಪಿಸಿ ಅವರ ಗಮನ ಸೆಳೆಯಬೇಕು. ದೊಡ್ಡ ಟವರಿನ ಭಾರ ಇಳಿಸಿದಂತೆ ನನ್ನ ಜಂಬದ ಭಾರವನ್ನೂ ಆಗಾಗ ಸ್ವಲ್ಪ ಇಳಿಸಿಕೊಂಡು ನೆಲದಡಿಗೆ ಸಾಗಿಸಬೇಕು. ಅದಕ್ಕೆ ದಪ್ಪನೆಯ ತಂತಿ ಬೇಕಾದೀತು, ಎಚ್ಚರ. ಕೊನೆಯದಾಗಿ, ಯಾವಾಗಲಾದರೂ ಸಭೆ ಕೂಡಿಸುವ ಮನಸ್ಸಾದರೆ ದಯವಿಟ್ಟು ಮೊದಲೇ ನನಗೆ ತಿಳಿಸಬೇಕು, ಬೂಟು ಕೊಳ್ಳುವುದಿಲ್ಲ.

ಒಂದೇ ಚೌಕದ ಗಾಳಿ ಮಳೆ ಹಂಚಿಕೊಂಡಿರುವ,
ತಮ್ಮ ವಿಶ್ವಾಸಿ ಮತ್ತು ಮೇಲಿನ ಮನೆಯ ನೆರೆಯವ,
ವೀಬೆ ತೇರ್ ಹೋರ್ಸ್ಟ್
ಗಂಟೆವಾದಕ, ಸಂತೆ ಮತ್ತು ಚರಂಡಿ ವಿಭಾಗ

ಬರೆಯಲು ಮರೆತದ್ದು: ನಿನ್ನೆ ‘ತಗ್ಗಿದ ತಲೆಗಳಿಗಾಗಿ’ ಕೃತಿಯನ್ನು ಮೀನು ಬೇಯುವಷ್ಟಕ್ಕೆ ಕತ್ತರಿಸಿ ನುಡಿಸಿದೆ. ಮೊದಲಿಗಿಂತ ಚೆನ್ನಾಗಿದೆ ಎಂದು ಒಪ್ಪಲು ಕಷ್ಟವಾಗುತ್ತಿದೆ, ಒಪ್ಪುತ್ತೇನೆ. ಕೊನೆಯ ಗಂಟೆಯ ನಾದ ಇಳಿದ ಮೇಲೆ ಕೆಳಗಿನಿಂದ ಟಣ್ ಟಣ್ ಎಂದು ಸದ್ದು ಬಂತು. ಫೆಮ್ಮಿ ಜಾಲರಿಯನ್ನು ಬಾಣಲಿಯ ಅಂಚಿಗೆ ಬಡಿಯುತ್ತಿದ್ದಳು. ಎಣ್ಣೆ ಸೋರಲೆಂದು ಬಡಿದದ್ದು, ನನಗೆ ಗೊತ್ತು. ಆದರೂ ಗೂಡಿನೊಳಗೆ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಬಾಗಿದೆ, ತಲೆ ತಂತಿಗೆ ತಗುಲಿ ಒಂದು ಸಣ್ಣ ಗಂಟೆ ತಾನಾಗಿ ಬಾರಿಸಿತು. ಕೆಳಗಿನಿಂದ ಅವಳ ದನಿ ಕೇಳಿಸಿತು: “ಇನ್ನೊಂದಾ? ತಡಿ, ಮೀನು ಬಿಡ್ತೀನಿ!” ಇದ್ಯಾವುದೂ ತಮ್ಮ ಮೂಲಕ ಹಾದುಬರಲಿಲ್ಲ ಎಂಬುದನ್ನು ತಮ್ಮ ಕಂಪನಿಯವರ ಗಮನಕ್ಕೆ ತರಬೇಕಾಗಿ ವಿನಂತಿ.